‘ಮೊಳಿ’ ಹೇಳುವ ಭಾಷೆಯ ಪಾಠ

ಸಿನಿಮಾ ನೋಡಿ ಮಕ್ಕಳು ಕೆಡುತ್ತಾರೆಂಬ ದೂರು ಹೆತ್ತವರಲ್ಲಿ ಸಾಮಾನ್ಯ. ಅದರಲ್ಲಿ ಹುರುಳೇ ಇಲ್ಲವೆನ್ನಲಾಗದು. ಆದರೂ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡಿ, ಆಮೇಲೆ ಒಂದಿಷ್ಟು ಹೊತ್ತು ಮಾತಾಡಿಕೊಳ್ಳಬಹುದಾದ ಚಿತ್ರಗಳೂ ಆಗೊಮ್ಮೆ ಈಗೊಮ್ಮೆ ಬರುವುದುಂಟು. 2007ರಲ್ಲಿ ತೆರೆಕಂಡ ತಮಿಳಿನ ‘ಮೊಳಿ’ ಅಂಥದೊಂದು. ಮೊಳಿ ಎಂದರೆ ನುಡಿ, ಭಾಷೆ. 1956ರ ನವೆಂಬರ್ 1ರಿಂದ ಇಂದಿನವರೆಗೆ ಭಾಷೆಯ ಹೆಸರಿನಲ್ಲಿ ಮನವಿಯ ಮೇಲೆ ಮನವಿ ಸಲ್ಲಿಸುತ್ತ ಬಂದಿರುವ ಕಾಸರಗೋಡಿನ ಕನ್ನಡಿಗರು ಇಂಥ ಹೆಸರಿನ ಚಿತ್ರವನ್ನು ನೋಡಿ ಮರೆತುಬಿಡಬಾರದು.

ಚಿತ್ರದ ನಿರ್ದೇಶಕರು ರಾಧಾಮೋಹನ್. ನಿರ್ಮಾಪಕರು ಕನ್ನಡ ರಂಗಭೂಮಿಯಿಂದ ಹೋಗಿ ತಮಿಳಿನಲ್ಲಿ ಹೆಸರು ಮಾಡಿದ, ನಮಗೆಲ್ಲ ಪ್ರಕಾಶ್ ರೈ ಎಂದೇ ಪರಿಚಿತರಾದ ಪ್ರಕಾಶ್ ರಾಜ್. ನಾಯಕ ಪೃಥ್ವಿರಾಜ್ ಮಲಯಾಳಿ. ನಾಯಕಿ ಜ್ಯೋತಿಕಾ ಮುಂಬಯಿಯಿಂದ ಬಂದವರು. ಭಾಷೆಯನ್ನೇ ಕುರಿತ ತಮಿಳು ಚಿತ್ರಕ್ಕೆ ದುಡಿದ ಈ ಮೂವರ ಮನೆಮಾತೂ ತಮಿಳಲ್ಲ!

ಕಥೆ ಸರಳ. ಕಾರ್ತಿಕ್ ಸಂಗೀತ ನಿರ್ದೇಶಕರೊಬ್ಬರ ವಾದ್ಯವೃಂದದಲ್ಲಿ ಕೀಬೋರ್ಡ್ ನುಡಿಸುವವನು. ಅವನು ಮೆಚ್ಚುವ ಅರ್ಚನಾಳಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ನಾದವೇ ಬದುಕಾಗಿರುವವನು ತನ್ನ ಒಂದು ಸ್ವರವನ್ನೂ ಕೇಳಲಾರದವಳನ್ನು ಪ್ರೀತಿಸುತ್ತಾನೆ. ಅವಳು ಸ್ವಾಭಿಮಾನಿ, ಮುಂಗೋಪಿ. ಅನ್ಯಾಯ ಕಂಡರೆ ಸುಮ್ಮನಿರುವವಳಲ್ಲ. ಮದುವೆ ಮಾತ್ರ ಬೇಡವೆನ್ನುತ್ತಾಳೆ. ತಂದೆ ತನ್ನನ್ನೂ ತಾಯಿಯನ್ನೂ ತೊರೆದು ಹೋದವನು. ತನಗೆ ಹುಟ್ಟುವ ಮಗುವೂ ತನ್ನಂತೆಯೇ ಆದರೆ ಗಂಡನೂ ಅದನ್ನೇ ಮಾಡಿಯಾನೆಂಬ ಭಯ ಅವಳದು.

ಕಿವುಡರನ್ನು ಕುರಿತ ಚಿತ್ರಗಳು ಮೊದಲೂ ಬಂದಿದ್ದವು. ಗುಲ್ಜಾರ್ ಅವರ ಹಿಂದಿಯ ‘ಕೋಶಿಶ್’ 1972ರದು. ಅದರಲ್ಲಿ ಗಂಡಹೆಂಡಿರಿಬ್ಬರೂ ಕಿವುಡರು. ತಮ್ಮೊಳಗೆ ಅವರಿಗೆ ಭಾಷೆಯ ತೊಡಕಿಲ್ಲ, ತೊಡಕೆಲ್ಲ ಹೊರಗಿನ ಲೋಕದೊಂದಿಗೆ. ‘ಮೊಳಿ’ಯಲ್ಲಿ ಹಾಗಲ್ಲ. ಇಲ್ಲಿ ಒಬ್ಬರು ಮತ್ತೊಬ್ಬರ ಭಾಷೆಗೆ ದಾಟಿ ಹೋಗಬೇಕು. ದಾಟುವವನು ಕಾರ್ತಿಕ್. ಅವಳಿಗೆ ಬಲವಂತದಿಂದ ಮಾತು ಕಲಿಸಲು ಹೊರಡದೆ, ಅವನೇ ಶಿಷ್ಯನಾಗಿ ಕುಳಿತು ಸಂಜ್ಞೆಭಾಷೆ ಕಲಿಯುತ್ತಾನೆ. ಹೆಚ್ಚು ಮಂದಿಯ ಭಾಷೆ ಬಲ್ಲವನು ಕಡಿಮೆ ಮಂದಿಯ ಭಾಷೆ ಕಲಿಯುವ ಈ ನಡತೆಯೇ ಚಿತ್ರದ ಜೀವಾಳ.

ಕೈಸನ್ನೆ ಒಂದು ಭಾಷೆಯೇ ಎಂದು ಕೇಳುವವರಿದ್ದಾರೆ. ಹೌದು, ಅದಕ್ಕೆ ತನ್ನದೇ ಶಬ್ದಸಂಪತ್ತೂ ವ್ಯಾಕರಣವೂ ಇವೆ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಕಿವುಡರ ಶಿಕ್ಷಣದ ಸಮ್ಮೇಳನವು ಶಾಲೆಗಳಲ್ಲಿ ಸಂಜ್ಞೆ ಕೂಡದು, ತುಟಿಯ ಮಾತೇ ಬೇಕೆಂದು ನಿರ್ಣಯಿಸಿತು. ನಿರ್ಣಯಿಸಿದವರು ಬಹುಪಾಲು ಕಿವಿ ಕೇಳುವ ವಿದ್ವಾಂಸರು. ಆ ಸಮ್ಮೇಳನದ ಪರಂಪರೆಯವರೇ ಅದು ತಪ್ಪೆಂದು ವಿಷಾದ ಸೂಚಿಸಿದ್ದು 2010ರಲ್ಲಿ. ನಮ್ಮ ದೇಶದಲ್ಲಿ ಭಾರತೀಯ ಸಂಜ್ಞೆಭಾಷೆಗೆಂದೇ ಒಂದು ಕೇಂದ್ರ ದೆಹಲಿಯಲ್ಲಿ ಸ್ಥಾಪನೆಯಾದದ್ದು 2015ರಲ್ಲಿ. ಕಿವುಡ ಮಕ್ಕಳಿಗೆ ಅವರಿಗೆ ಅತ್ಯಂತ ಸೂಕ್ತವಾದ ಭಾಷೆಯಲ್ಲಿ ಶಿಕ್ಷಣ ದೊರೆಯಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೇಳುತ್ತದೆ.

ಕಾಯಿದೆ ಬಂದರೆ ಸಾಲದು. ಕಿವುಡ ಮಕ್ಕಳಲ್ಲಿ ಬಹುಪಾಲು ಮಂದಿ ಕಿವಿ ಕೇಳುವ ಹೆತ್ತವರಿಗೇ ಹುಟ್ಟಿದವರು. ಊಟ, ನೀರು, ನಿದ್ದೆ ಎಂಬಷ್ಟಕ್ಕೆ ಮನೆಯ ಕೈಸನ್ನೆ ಮುಗಿಯುತ್ತದೆ. ಬಯಲಾಟಕ್ಕೆ ಮಗುವನ್ನೂ ಕರೆದೊಯ್ಯುತ್ತೇವೆ. ವೇಷ ಕಾಣುತ್ತದೆ, ಹೆಜ್ಜೆ ಕಾಣುತ್ತದೆ. ಚೆಂಡೆಯ ಪೆಟ್ಟು ಎದೆಗೂ ತಟ್ಟುತ್ತದೆ. ಆದರೆ ಭೀಮನಿಗೇಕೆ ಕೋಪ ಬಂತು, ದ್ರೌಪದಿ ಏನು ಕೇಳಿದಳು ಎಂಬುದನ್ನು ಆ ಮಗುವಿಗೆ ಯಾರು ಹೇಳುತ್ತಾರೆ? ನೆರೆಕರೆಯವರು ‘ಮೂಗ’, ‘ಮೂಗಿ’ ಎನ್ನುತ್ತ ಅದರ ಸ್ವಂತ ಹೆಸರನ್ನೂ ಮರೆತುಬಿಡುತ್ತಾರೆ.

ಗಡಿನಾಡಿನಲ್ಲಿ ಈ ಕಷ್ಟ ಇಮ್ಮಡಿ. ತುಟಿಯ ಚಲನೆ ನೋಡಿ ಮಾತು ತಿಳಿಯುವುದಕ್ಕೂ ಮೊದಲು ಆ ಭಾಷೆ ಗೊತ್ತಿರಬೇಕು. ಮನೆಯ ತುಟಿಗಳು ಕನ್ನಡದವು ಅಥವಾ ತುಳುವಿನವು, ಪೇಟೆಯ ತುಟಿಗಳು ಮಲಯಾಳದವು. ಕಷ್ಟಪಟ್ಟು ಬರೆಯಲು ಕಲಿಯುವ ಅಕ್ಷರ ತಾಯಿ ಓದಬಲ್ಲ ಅಕ್ಷರವಾಗದೆ ಹೋದರೆ ಆ ಮಗು ತಾಯಿಗೆ ಒಂದು ಚೀಟಿ ಬರೆದು ಕೊಡುವುದಾದರೂ ಹೇಗೆ? ಕಿವುಡ ಮಕ್ಕಳ ಶಿಕ್ಷಣದ ವಿಚಾರದಲ್ಲಿ ಈ ಪ್ರಶ್ನೆಯನ್ನು ಕನ್ನಡ ಸಂಘಟನೆಗಳು ಎತ್ತಬೇಕಾಗಿದೆ.

ಕಿವಿ ಕೇಳುವ ನಮ್ಮ ಮಕ್ಕಳ ಪಾಡೇನು? ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯಲು ಸೌಲಭ್ಯ ಕಲ್ಪಿಸಬೇಕೆಂಬ 350ಎ ವಿಧಿ ಸಂವಿಧಾನಕ್ಕೆ ಸೇರಿದ್ದೂ 1956ರಲ್ಲಿಯೇ. ಆದರೂ ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾಗಿ ಬಂದು, ಹೆತ್ತವರು ಬೀದಿಗಿಳಿದ ಉದಾಹರಣೆಗಳು ಈ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಅಂಥ ತರಗತಿಯಲ್ಲಿ ಸರಿಯಾದ ಕಿವಿಯಿರುವ ನಲುವತ್ತು ಮಕ್ಕಳು ಒಮ್ಮೆಗೇ ಕಿವುಡರಾಗುತ್ತಾರೆ. ಆ ಅಧ್ಯಾಪಕರಲ್ಲಿ ನಮಗೆ ದ್ವೇಷವಿಲ್ಲ. ಕಲಿಸುವವರು ಮೊದಲು ಮಕ್ಕಳ ಭಾಷೆ ಕಲಿತು ಬರಲಿ ಎಂಬುದಷ್ಟೇ ನಮ್ಮ ಬೇಡಿಕೆ.

ಚಿತ್ರದಲ್ಲಿ ಕೊರತೆಗಳಿಲ್ಲದಿಲ್ಲ. ಜ್ಯೋತಿಕಾ ಅವರ ಅಭಿನಯ ಶ್ಲಾಘನೀಯವೇ. ಆದರೆ ನಿಜವಾಗಿಯೂ ಕಿವಿ ಕೇಳದ ಕಲಾವಿದೆಯೊಬ್ಬರಿಗೆ ಆ ಅವಕಾಶ ದೊರೆತಿದ್ದರೆ ಹೆಚ್ಚು ಚೆನ್ನಾಗಿರುತ್ತಿತ್ತು. ನಗರದ ವಸತಿ ಸಮುಚ್ಚಯದ ಆ ಬದುಕಿಗೂ ಎಂಡೋಸಲ್ಫಾನಿನ ವಿಷಕ್ಕೆ ನಲುಗಿದ ನಮ್ಮ ಹಳ್ಳಿಗಳ ಬದುಕಿಗೂ ದೂರ ಬಹಳ. ಇಲ್ಲಿನ ಅರ್ಚನಾರ ಮನೆಬಾಗಿಲಿಗೆ ಕಾರ್ತಿಕ್ ಬರುವುದಿಲ್ಲ. ಬರಬೇಕಾದವರು ಮನೆಯವರು, ನೆರೆಯವರು, ಅಧ್ಯಾಪಕರು.

ಆದುದರಿಂದ ಒಂದು ಸಲಹೆ. ರಜೆಯಲ್ಲಿ ನಮ್ಮ ರಕ್ಷಕ-ಶಿಕ್ಷಕ ಸಂಘಗಳು, ಗ್ರಂಥಾಲಯಗಳು, ಯುವಕ ಸಂಘಗಳು ಸಂಜ್ಞೆಭಾಷೆಯ ತರಗತಿಗಳನ್ನು ಏರ್ಪಡಿಸಲಿ. ಕಲಿಸಲು ಬಲ್ಲ ಕಿವುಡರನ್ನೇ ಗುರುಗಳಾಗಿ ಕರೆಯಲಿ. ಕಚೇರಿಗಳಲ್ಲಿ ಕನ್ನಡ ಬಲ್ಲವರು ಬೇಕೆಂದು ಕೇಳುವ ಹಕ್ಕು ನಮಗಿದೆ; ಆ ಹಕ್ಕನ್ನು ಕೇಳುತ್ತಲೇ ಇರೋಣ. ನಮ್ಮದೇ ಮನೆಯ ಮೂಲೆಯಲ್ಲಿ ಕುಳಿತಿರುವ ಮಗು, ಬಾಯಿಲ್ಲದೆ, ನಮ್ಮಲ್ಲಿ ಕೇಳುತ್ತಿರುವುದೂ ಅದೇ ಹಕ್ಕನ್ನು.