ನೆಗ್ಗಿದ ಡಬ್ಬಿಗೆ ರಿಯಾಯಿತಿ ಚೀಟಿ ಅಂಟಿಸುವ ಮುನ್ನ

ಸೂಪರ್ ಮಾರ್ಕೆಟ್‌ಗಳಲ್ಲಿ ಬಿಲ್ಲಿಂಗ್ ಕೌಂಟರಿನ ಪಕ್ಕದ ಬುಟ್ಟಿಯಲ್ಲೋ ಕಪಾಟಿನ ಕೆಳ ಅರೆಯಲ್ಲೋ ನೆಗ್ಗಿದ ಡಬ್ಬಿಗಳನ್ನು ಒಟ್ಟುಹಾಕಿ, ಬೆಲೆ ಇಳಿಸಿ ಮಾರುವುದುಂಟು. ಅಣಬೆ, ಬೇಬಿ ಕಾರ್ನ್, ಅನಾನಸ್ ಹೋಳು, ಟ್ಯೂನಾ ಮೀನು ಎಲ್ಲವೂ ಒಂದೇ ರಾಶಿ. ಎತ್ತಿಕೊಂಡವರು ಎಕ್ಸ್‌ಪೈರಿ ತಾರೀಕು ನೋಡುತ್ತಾರೆ, ಬೆಲೆ ನೋಡುತ್ತಾರೆ, ಚೀಲಕ್ಕೆ ಹಾಕುತ್ತಾರೆ. ನೆಗ್ಗು ಎಲ್ಲಿ ಬಿದ್ದಿದೆ ಎಂದು ತಿರುಗಿಸಿ ನೋಡುವವರು ಕಡಿಮೆ. ನೋಡಬೇಕೆಂದು ಅವರಿಗೆ ಯಾರೂ ಹೇಳಿಯೂ ಇಲ್ಲ. ರಿಯಾಯಿತಿ ಕೊಡುವುದಕ್ಕೆ ನನ್ನ ತಕರಾರಿಲ್ಲ. ಯಾವ ಡಬ್ಬಿ ಆ ಬುಟ್ಟಿಗೆ ಬೀಳಬಹುದು, ಯಾವುದು ಬೀಳಲೇಬಾರದು ಎಂದು ಅಂಗಡಿಯವರೇ ಮೊದಲು ಆರಿಸಿ ಬೇರೆ ಮಾಡಬೇಕು ಎಂಬುದು ನನ್ನ ವಾದ. ಈಗ ಆ ಕೆಲಸವನ್ನು ಗಿರಾಕಿಯ ಜೇಬಿಗೆ ಬಿಟ್ಟಿದ್ದೇವೆ.

ಒಂದು ಡಬ್ಬಿಯನ್ನು ಕೈಯಲ್ಲಿ ಹಿಡಿದು ಮೇಲಿನ ಅಂಚಿನ ಸುತ್ತ ಹೆಬ್ಬೆರಳು ಆಡಿಸಿ ನೋಡಿ. ದಪ್ಪನೆಯ ಏಣೊಂದು ಸಿಗುತ್ತದೆ. ಮುಚ್ಚಳದ ತಗಡೂ ಮೈಯ ತಗಡೂ ಕೊಕ್ಕೆಗಳಂತೆ ಒಂದರೊಳಗೊಂದು ಸಿಕ್ಕಿಕೊಂಡು, ಐದು ಪದರವಾಗಿ ಮಡಚಿ ಒತ್ತಿದ ಜಾಗ ಅದು. ಸಂದಿನಲ್ಲಿ ರಬ್ಬರಿನಂಥ ತೆಳು ಲೇಪವಿರುತ್ತದೆ. ಡಬ್ಬಿಯ ಆಹಾರ ವರ್ಷಗಟ್ಟಲೆ ಕೆಡದೆ ಉಳಿಯುವುದು ಎರಡೇ ಕಾರಣಕ್ಕೆ. ಒಳಗಿದ್ದ ಸೂಕ್ಷ್ಮಜೀವಿಗಳು ಬಿಸಿಗೆ ಸತ್ತಿವೆ, ಹೊರಗಿನವನ್ನು ಈ ಮಡಿಕೆ ಒಳಗೆ ಬಿಡುತ್ತಿಲ್ಲ. ಬಿಸಿಯಾಗಿ ಮುಚ್ಚಿದ ಡಬ್ಬಿ ತಣ್ಣಗಾದಾಗ ಒಳಗಿನ ಒತ್ತಡ ಇಳಿದು ಮುಚ್ಚಳ ತುಸು ಒಳಕ್ಕೆ ಸೆಳೆದುಕೊಂಡಿರುತ್ತದೆ. ಹೀಗೆ ಒಳಕ್ಕೆ ಹೀರಲು ಸಿದ್ಧವಾಗಿಯೇ ಕೂತಿರುವ ಡಬ್ಬಿಯ ಅಂಚಿಗೆ ಪೆಟ್ಟು ಬಿದ್ದರೆ ಮಡಿಕೆ ಕೂದಲೆಳೆಯಷ್ಟು ಸಡಿಲಗೊಳ್ಳಬಹುದು. ಕ್ಷಣಮಾತ್ರದಲ್ಲಿ ಗಾಳಿ, ತೇವದ ಹನಿ ಒಳಸೇರಿ ತಗಡು ಮತ್ತೆ ಮೊದಲಿನಂತೆ ಕೂತುಬಿಡಬಹುದು. ಆಮೇಲೆ ಎಷ್ಟು ನೋಡಿದರೂ ಸೋರಿದ ಗುರುತು ಸಿಗದಿರಬಹುದು. ಅದೇ ಡಬ್ಬಿಯ ಹೊಟ್ಟೆಯ ಭಾಗದಲ್ಲಿ ನಯವಾದ ಸಣ್ಣ ತಗ್ಗು ಬಿದ್ದಿದ್ದರೆ ತಗಡು ಬಾಗಿದೆ, ಅಷ್ಟೇ. ಅಮೆರಿಕದ ಕೃಷಿ ಇಲಾಖೆ ತನ್ನ ಜನರಿಗೆ ಹೇಳುವುದೂ ಇದನ್ನೇ: ಬೆರಳು ಕೂರುವಷ್ಟು ಆಳದ ನೆಗ್ಗಿದ್ದರೆ, ಅಂಚಿನ ಮೇಲೆ ಚೂಪಾಗಿ ಜಜ್ಜಿದ್ದರೆ ಎಸೆಯಿರಿ, ಸಣ್ಣ ನೆಗ್ಗಿದ್ದು ಉಳಿದದ್ದೆಲ್ಲ ಸರಿಯಿದ್ದರೆ ಬಳಸಬಹುದು.

ಎಸೆಯಿರಿ ಎಂದು ಅಷ್ಟು ಖಡಾಖಂಡಿತವಾಗಿ ಹೇಳಲು ಮುಖ್ಯ ಕಾರಣ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾ. ಮಣ್ಣಿನಲ್ಲಿ ಎಲ್ಲೆಡೆ ಇರುವ ಇದಕ್ಕೆ ಬೆಳೆಯಲು ಗಾಳಿಯಿಲ್ಲದ ಜಾಗ ಬೇಕು. ಇದರ ಬೀಜಾಣುಗಳು ಕುದಿಯುವ ನೀರಿಗೂ ಜಗ್ಗುವುದಿಲ್ಲ. ಹಾಗಾಗಿ ಕಾರ್ಖಾನೆಗಳಲ್ಲಿ ಡಬ್ಬಿಗಳನ್ನು ಒತ್ತಡದ ಹಬೆಯಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಪಿಎಚ್ 4.6ಕ್ಕಿಂತ ಕೆಳಗಿನ ಹುಳಿಯಲ್ಲಿ ಇದು ಬೆಳೆಯದು, ಆದ್ದರಿಂದ ಅನಾನಸ್ ಹೋಳಿನ ಡಬ್ಬಿಯಲ್ಲಿ ಈ ಭಯ ಕಡಿಮೆ. ಹುಳಿಯಿಲ್ಲದ ಅಣಬೆ, ಜೋಳ, ಬೇಯಿಸಿದ ಕಡಲೆ, ಮೀನು ಇದಕ್ಕೆ ಹೇಳಿ ಮಾಡಿಸಿದ ಮನೆ. ಇದು ಉಗುಳುವ ವಿಷ ನರಗಳನ್ನು ಹಿಡಿಯುತ್ತದೆ: ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೇ ನಿಲ್ಲುತ್ತವೆ. 1978ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಂದೇ ಡಬ್ಬಿಯ ಸಾಲ್ಮನ್ ಮೀನು ತಿಂದ ನಾಲ್ವರಿಗೆ ಈ ಕಾಯಿಲೆ ಬಂತು, ಇಬ್ಬರು ತೀರಿಕೊಂಡರು. ತನಿಖೆಯಲ್ಲಿ ಸಿಕ್ಕಿದ್ದು ಡಬ್ಬಿಯಲ್ಲಿದ್ದ ಒಂದು ಪುಟ್ಟ ತೂತು.

ಇಂಥ ಸಾವು ತೀರಾ ಅಪರೂಪವಲ್ಲವೇ, ಇಷ್ಟು ಹೆದರಿಸಬೇಕೇ ಎಂದು ಕೇಳಬಹುದು. ಅಪರೂಪ ಎಂಬುದು ನಿಜ. ಆದರೆ ಅದು ಅಪರೂಪವಾಗಿ ಉಳಿದಿರುವುದು ಆ ಮಡಿಕೆ ಗಟ್ಟಿಯಾಗಿರುವುದರಿಂದ. ಗಟ್ಟಿ ಡಬ್ಬಿಗಳ ಲೆಕ್ಕ ತೋರಿಸಿ ಜಜ್ಜಿದ ಅಂಚಿನ ಡಬ್ಬಿಗೆ ಧೈರ್ಯ ಹೇಳುವುದು ಸರಿಯಲ್ಲ. ಕೆಟ್ಟಿದ್ದರೆ ವಾಸನೆ ಬರುತ್ತದೆ, ಮುಚ್ಚಳ ಉಬ್ಬುತ್ತದೆ ಎಂಬ ನಂಬಿಕೆಯೂ ಇದೆ. ಉಬ್ಬಿದ ಡಬ್ಬಿಯನ್ನು ಮುಟ್ಟಬಾರದು, ಸರಿ. ಉಬ್ಬದಿದ್ದರೆ, ವಾಸನೆಯಿಲ್ಲದಿದ್ದರೆ ಸುರಕ್ಷಿತ ಎಂದು ಮಾತ್ರ ತಿಳಿಯಬಾರದು. ಬೊಟುಲಿನಂ ವಿಷಕ್ಕೆ ಬಣ್ಣ, ವಾಸನೆ, ರುಚಿ ಇಲ್ಲ. ಒಂದು ಚೂರು ಬಾಯಿಗೆ ಹಾಕಿ ನೋಡುವುದಂತೂ ಪ್ರಾಣಕ್ಕೇ ಎರವಾಗಬಹುದು. ನಮ್ಮ ಅಡುಗೆಯಲ್ಲಿ ಎಲ್ಲವನ್ನೂ ಕುದಿಸುತ್ತೇವಲ್ಲ ಎಂಬ ಮಾತಿನಲ್ಲಿ ಹುರುಳಿದೆ: ಒಳಗಿನ ತುಣುಕೂ 85 ಡಿಗ್ರಿ ಮುಟ್ಟಿ ಐದು ನಿಮಿಷ ನಿಂತರೆ ವಿಷ ನಾಶವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆದರೆ ಡಬ್ಬಿ ಕೊಳ್ಳುವುದೇ ಬೇಯಿಸುವ ಕೆಲಸ ಉಳಿಯಲೆಂದು. ಟ್ಯೂನಾ ನೇರ ಬ್ರೆಡ್ಡಿನ ನಡುವೆ ಹೋಗುತ್ತದೆ, ಜೋಳ ಸಲಾಡಿಗೆ ಬೀಳುತ್ತದೆ.

ನನಗೆ ನಿಜವಾಗಿಯೂ ತೂಕದ್ದು ಅನ್ನಿಸುವ ಆಕ್ಷೇಪ ಬೇರೆ. ಒಳ್ಳೆಯ ಆಹಾರ ಗುಂಡಿಗೆ ಹೋಗುತ್ತದೆ, ಕಡಿಮೆ ದುಡ್ಡಿನವರಿಗೆ ಸಿಗುತ್ತಿದ್ದ ಅಗ್ಗದ ಸಾಮಾನು ತಪ್ಪುತ್ತದೆ. ನೆಗ್ಗಿದ್ದೆಲ್ಲವನ್ನೂ ಎಸೆಯಬೇಕೆಂದರೆ ಇದಕ್ಕೆ ಉತ್ತರವಿಲ್ಲ, ಅದಕ್ಕೇ ನಾನು ಹಾಗೆ ಹೇಳುತ್ತಿಲ್ಲ. ಹೊಟ್ಟೆಯ ಭಾಗ ತುಸು ತಗ್ಗಿದ ಡಬ್ಬಿಯನ್ನು ಅರ್ಧ ಬೆಲೆಗೆ ಮಾರಲಿ, ಧೈರ್ಯವಾಗಿ ಕೊಳ್ಳಲಿ. ಅಂಚು ಜಜ್ಜಿದ್ದು, ತುಕ್ಕು ಹಿಡಿದದ್ದು, ಜಿನುಗಿದ್ದು ಮಾತ್ರ ಹಿಂದಿರುಗಲಿ. ಹತ್ತು ಡಬ್ಬಿಗಳ ಅಂಚಿನ ಮೇಲೆ ಬೆರಳಾಡಿಸಲು ಒಂದೆರಡು ನಿಮಿಷ ಸಾಕು. ಇದನ್ನು ಮಾಡದೆ ಬೆಲೆ ಮಾತ್ರ ಇಳಿಸಿದರೆ, ಪೂರ್ತಿ ಬೆಲೆ ಕೊಡಬಲ್ಲವರು ಗಟ್ಟಿ ಡಬ್ಬಿ ಒಯ್ಯುತ್ತಾರೆ, ಕೊಡಲಾಗದವರು ಅನುಮಾನದ ಡಬ್ಬಿ ಒಯ್ಯುತ್ತಾರೆ. ಬಡವರಿಗೆ ಉಪಕಾರ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಇದಕ್ಕೆ ಹೊಸ ಕಾನೂನೂ ಬೇಕಿಲ್ಲ. ಡಬ್ಬಿಗಳ ಹೊರಮೈ ದೊಡ್ಡ ನೆಗ್ಗು, ತುಕ್ಕು, ತೂತು, ಅಂಚಿನ ವಿಕಾರ ಇಲ್ಲದಂತಿರಬೇಕು, ಸೋರಿಕೆ ಇರಬಾರದು ಎಂದು 2011ರ ಆಹಾರ ಸುರಕ್ಷತಾ ನಿಯಮಗಳಲ್ಲೇ ಬರೆದಿತ್ತು. ಅಸುರಕ್ಷಿತ ಎಂದು ಗೊತ್ತಿದ್ದೂ ಸರಕು ಪಡೆದು ಮಾರಿದವರನ್ನು 2006ರ ಕಾಯ್ದೆ ಹೊಣೆ ಮಾಡುತ್ತದೆ. ಸಣ್ಣ ಅಂಗಡಿಯವರ ಕಷ್ಟವೂ ನಿಜವೇ: ಡ್ಯಾಮೇಜ್ ಆದ ಮಾಲನ್ನು ವಿತರಕರು ವಾಪಸ್ ತೆಗೆದುಕೊಳ್ಳದಿದ್ದರೆ ನಷ್ಟ ಅಂಗಡಿಯ ಮೇಲೇ ಬೀಳುತ್ತದೆ. ಲಾರಿಯಲ್ಲೋ ಗೋದಾಮಿನಲ್ಲೋ ಜಜ್ಜಿದ ಅಂಚಿಗೆ ಅಂಗಡಿಯವರು ಏಕೆ ದಂಡ ತೆರಬೇಕು? ಅಂಥ ಡಬ್ಬಿಯನ್ನು ಬದಲಿಸಿಕೊಡುವುದು ತಯಾರಕರ, ವಿತರಕರ ಕರಾರಿನಲ್ಲೇ ಇರಬೇಕು. ಆಹಾರ ಸಂಸ್ಕರಣೆಯ ಕೇಂದ್ರೀಯ ಸಂಶೋಧನಾಲಯ ಸಿಎಫ್‌ಟಿಆರ್‌ಐ 1950ರಿಂದ ಮೈಸೂರಿನಲ್ಲೇ ಇದೆ. ಎಂಥ ಡಬ್ಬಿ ಮಾರಬಹುದು, ಎಂಥದ್ದು ಮಾರಬಾರದು ಎಂದು ಚಿತ್ರಸಹಿತ ಒಂದು ಹಾಳೆಯನ್ನು ಅದರ ನೆರವಿನಿಂದ ಕನ್ನಡದಲ್ಲಿ ಮಾಡಿಸಿ ಅಂಗಡಿಗಳ ಗೋಡೆಗೆ ಅಂಟಿಸುವುದು ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಭಾರವೇನಲ್ಲ.

ಅವರು ಅಂಗಡಿಗಳ ಜೊತೆಗೆ ಹೋಟೆಲು, ಕಲ್ಯಾಣ ಮಂಟಪಗಳ ಅಡುಗೆಮನೆಯನ್ನೂ ಹೊಗಬೇಕು. ಮನೆಗೆ ಒಯ್ಯುವ ಡಬ್ಬಿಯನ್ನು ಗಿರಾಕಿ ತಿರುಗಿಸಿಯಾದರೂ ನೋಡಬಲ್ಲ; ಕೇಟರಿಂಗ್‌ನವರು ಸಗಟಾಗಿ ತರುವ ಅಣಬೆ, ಬೇಬಿ ಕಾರ್ನ್‌ಗಳ ದೊಡ್ಡ ಡಬ್ಬಿಗಳನ್ನು ಉಣ್ಣುವವರು ನೋಡುವುದೇ ಇಲ್ಲ. 1964ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ಊರಿನಲ್ಲಿ ಟೈಫಾಯ್ಡ್ ಹರಡಿ 400ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಅರ್ಜೆಂಟೀನಾದ ಕಾರ್ಖಾನೆಯಲ್ಲಿ ಕಾದ ಮಾಂಸದ ಡಬ್ಬಿಗಳನ್ನು ಕ್ಲೋರಿನ್ ಹಾಕದ ನದಿನೀರಿನಲ್ಲಿ ತಣಿಸಿದ್ದರು, ಆ ನೀರು ಡಬ್ಬಿಯೊಂದರ ಒಳಕ್ಕೆ ಇಳಿದಿತ್ತು. ಅಲ್ಲಿ ಯಾರೂ ಡಬ್ಬಿ ಜಜ್ಜಿರಲಿಲ್ಲ. ಆದರೆ ನಡೆದದ್ದು ಅದೇ ಸೋರಿಕೆ. ಊರಿನ ಅಂಗಡಿಯೊಂದರಲ್ಲಿ ಆ ಮಾಂಸದ ಡಬ್ಬಿ ತೆರೆದು ಯಂತ್ರದಲ್ಲಿ ಹೆಚ್ಚಿದರು. ಅದೇ ಯಂತ್ರದಲ್ಲಿ ಆಮೇಲೆ ಹೆಚ್ಚಿದ ಬೇರೆ ಮಾಂಸಕ್ಕೂ ರೋಗಾಣು ಅಂಟಿತು. ಕಾಯಿಲೆ ಬಿದ್ದವರಲ್ಲಿ ಎಷ್ಟೋ ಮಂದಿ ಆ ಡಬ್ಬಿಯ ಮಾಂಸವನ್ನು ಕೊಂಡವರೇ ಅಲ್ಲ.