ಫ್ರೆಂಚ್ ಫ್ರೈಸೂ ನಾಲಗೆಯ ನ್ಯಾಯವೂ

ನಮ್ಮ ಹಾಸನವು ಆಲೂಗಡ್ಡೆಗೆ ಹೆಸರಾದ ಜಿಲ್ಲೆ. ಆದರೂ ಈ ಊರಿನಲ್ಲಿ ಒಳ್ಳೆಯ ಫ್ರೆಂಚ್ ಫ್ರೈಸ್ ಎಲ್ಲಿ ಸಿಕ್ಕುವುದೆಂದು ಕೇಳಿದರೆ, ಮಿತ್ರರು ಹೋಟೆಲಿನ ದೀಪಾಲಂಕಾರವನ್ನು ವರ್ಣಿಸುತ್ತಾರೆಯೇ ಹೊರತು ರುಚಿಯನ್ನಲ್ಲ. ಇದು ನಾಲಗೆಗೆ ಮಾಡುವ ಅನ್ಯಾಯವೆಂದು ನನ್ನ ಅಭಿಪ್ರಾಯ.

ಪರೀಕ್ಷೆ ಬಹು ಸುಲಭ. ಮೊದಲ ತುಂಡನ್ನು ಸಾಸ್ ಇಲ್ಲದೆ ತಿನ್ನಬೇಕು. ಕೊನೆಯದನ್ನು ಆರಿದ ಮೇಲೆ ತಿನ್ನಬೇಕು. ಆಗಲೂ ಹೊರಗೆ ಗರಿ, ಒಳಗೆ ಮೃದುವಾಗಿದ್ದರೆ ಬಾಣಸಿಗನು ಎರಡು ಬಾರಿ ಕರಿದಿರಬೇಕು. ಸುಮಾರು 160 ಡಿಗ್ರಿ ಕಾವಿನ ಎಣ್ಣೆಯಲ್ಲಿ ಒಳಭಾಗ ಬೇಯುತ್ತದೆ. 180ರ ಮೇಲೆ ಹೊರಮೈ ಗರಿಯಾಗುತ್ತದೆ. ಕಪ್ಪಿಟ್ಟು ಕಹಿಯಾದರೆ ತಪ್ಪು ಬಾಣಲೆಯದೊಂದೇ ಅಲ್ಲ. ತೀರ ತಣ್ಣಗಿನ ಶೈತ್ಯಾಗಾರದಲ್ಲಿ ಬಹುದಿನ ಇಟ್ಟ ಗಡ್ಡೆಯ ಪಿಷ್ಟವು ಸಕ್ಕರೆಯಾಗಿ, ಕರಿದಾಗ ಕಪ್ಪಾಗುತ್ತದೆ.

ನನ್ನ ಪರೀಕ್ಷೆಯಲ್ಲಿ ಗೆದ್ದದ್ದು ಕಣ್ಣೆದುರೇ ಗಡ್ಡೆ ಹೆಚ್ಚುವ ಒಂದು ಚಿಕ್ಕ ಅಂಗಡಿ. ಆದರೆ ಹೊಸ ಗಡ್ಡೆ ಬಂದ ಮಳೆಗಾಲದಲ್ಲಿ ಅದೂ ಸೋತಿತು, ಫ್ರೈಸು ಮೆತ್ತಗಾಗಿತ್ತು. ಅಭಿಮಾನದಿಂದ ಕುರುಡಾಗಬಾರದು. ಇಲ್ಲಿ ಬಹುಕಾಲದಿಂದ ಬೆಳೆದು ಬಂದ ಕುಫ್ರಿ ಜ್ಯೋತಿ ಪಲ್ಯ, ಸಾಗುಗಳಿಗೆ ಒಪ್ಪುವ ತಳಿ. ಫ್ರೈಸಿಗೆ ನೀರಿನಂಶ ಕಡಿಮೆಯಿರುವ ಗಡ್ಡೆ ಬೇಕು. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯು ಇದಕ್ಕೆಂದೇ ಕುಫ್ರಿ ಫ್ರೈಸೋನಾ ಎಂಬ ತಳಿಯನ್ನು ರೂಪಿಸಿದೆ.

ನಮ್ಮಲ್ಲಿ ಅನೇಕರು ಅಂಗಮಾರಿ ರೋಗಕ್ಕೆ ಬೆಳೆ ಕಳೆದುಕೊಂಡ ಮನೆಗಳಿಂದಲೇ ಬಂದವರು. ನಮ್ಮ ಹೊಲಕ್ಕೆ ಯಾವ ತಳಿ ಒಗ್ಗೀತೆಂಬ ವಿಚಾರ ನಮ್ಮದಲ್ಲವೆ? ಆದಕಾರಣ ಮುಂದಿನ ಸಲ ತಟ್ಟೆ ಬಂದಾಗ ‘ಈ ಗಡ್ಡೆ ಯಾವ ಊರಿನದು?’ ಎಂದು ಕೇಳೋಣ. ಕೇಳುವವರಿದ್ದರೆ ಬೆಳೆಯುವವರಿಗೂ ಧೈರ್ಯ ಬಂದೀತು.