ದೋಣಿ ಒಂದೇ ಬಗೆಯದಾಗಲಿ

ಹಾಯಿದೋಣಿಯ ಪಂದ್ಯಗಳಲ್ಲಿ ಮ್ಯಾಚ್ ರೇಸಿಂಗ್ ಎಂಬುದೊಂದಿದೆ. ಒಂದು ಸಲಕ್ಕೆ ಎರಡೇ ದೋಣಿಗಳು. ಎರಡೂ ಒಂದೇ ಮಾದರಿಯವು. ಗಾಳಿಯನ್ನರಿತು ಮೊದಲು ಗುರಿ ಮುಟ್ಟಿದವರಿಗೆ ಗೆಲುವು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮೂವರು ಮಹಿಳೆಯರ ತಂಡಗಳಿಗೆ ಈ ಸ್ಪರ್ಧೆ ನಡೆದು ಸ್ಪೇನ್ ಚಿನ್ನ ಗೆದ್ದಿತು. ಮುಂದಿನ ಒಲಿಂಪಿಕ್ಸ್‌ಗೆ ಅದನ್ನು ಕೈಬಿಡಲಾಯಿತು.

ಹಾಯಿದೋಣಿ ನಮ್ಮಂಥವರಿಗಲ್ಲ ಎನ್ನುವಂತಿಲ್ಲ. ಚೆನ್ನೈಯ ನೇತ್ರಾ ಕುಮನನ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದರು. ಕಡಲೇ ಇಲ್ಲದ ಮಧ್ಯಪ್ರದೇಶದ ರೈತನ ಮಗಳು ನೇಹಾ ಠಾಕೂರ್ ಭೋಪಾಲದ ಕೆರೆಯಲ್ಲಿ ಕಲಿತು, 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು.

ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಗಳಲ್ಲಿ ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡ ಮನೆಗಳಿವೆ. ಆ ಸೀಮೆಯಲ್ಲಿ ಭೀಮೆ ಕೃಷ್ಣೆಯನ್ನು ಸೇರುತ್ತಾಳೆ. ಕೆಳಗೆ ಜೂರಾಲದ ವಿಶಾಲ ಜಲಾಶಯವಿದೆ. ಹರಿಗೋಲಿನಲ್ಲಿ ಹೊಳೆ ದಾಟಿದ ಜನರ ಮಕ್ಕಳಿಗೆ ನೀರು ಹೊಸದಲ್ಲ. ಹೈದರಾಬಾದಿನ ಹುಸೇನ್‌ಸಾಗರದಲ್ಲಿ ಬಡಮಕ್ಕಳಿಗೂ ಹಾಯಿ ಹಿಡಿಯಲು ಕಲಿಸುವಾಗ, ಜೂರಾಲದಲ್ಲಿ ಏಕಾಗಬಾರದು?

ಆದರೆ ಶಿಬಿರ ತೆರೆದರಷ್ಟೇ ಸಾಲದು. ಅದರ ಪ್ರಕಟಣೆಯೂ ಅರ್ಜಿಯೂ ಅಲ್ಲಿನ ಕನ್ನಡ ಶಾಲೆಗಳಿಗೆ ಕನ್ನಡದಲ್ಲೇ, ಕೊನೆಯ ದಿನಾಂಕಕ್ಕೆ ಮೊದಲೇ ತಲುಪಬೇಕು. ತಿಳಿಯದ ಭಾಷೆಯಲ್ಲಿ ಬರುವ ಸುತ್ತೋಲೆಯ ಪಾಡನ್ನು ಕಾಸರಗೋಡಿನ ನಾವು ಚೆನ್ನಾಗಿ ಬಲ್ಲೆವು. ಹೆತ್ತವರೂ ಹೆಣ್ಣುಮಕ್ಕಳನ್ನು ದಡದಲ್ಲೇ ನಿಲ್ಲಿಸದೆ ಈಜು ಕಲಿಸಬೇಕು.

ಮ್ಯಾಚ್ ರೇಸಿಂಗಿನಲ್ಲಿ ಒಬ್ಬರಿಗೆ ಹೊಸ ದೋಣಿ, ಇನ್ನೊಬ್ಬರಿಗೆ ಮುರುಕು ದೋಣಿ ಕೊಟ್ಟು ಪಂದ್ಯ ನಡೆಸುವುದಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ನಾವು ಕೇಳುವುದೂ ಇಷ್ಟೇ. ಸೋಲು ಗೆಲುವು ಆಮೇಲಿನ ಮಾತು.